ಐದು ತೋಟೆಗಳ ಪೆಟ್ಟಿಗೆ: ಸ್ಪರ್ಧಾ ರೈಫಲಿನ ಮ್ಯಾಗಜೀನನ್ನು ಆರಿಸುವ ಬಗೆ

ನಮ್ಮ ವಿಭಾಗದಲ್ಲಿ ಐಚ್ಛಿಕ ಕನ್ನಡವನ್ನು ಓದಲು ಬಂದ ಅವಿನಾಶಿಯ ಹುಡುಗನೊಬ್ಬನು ಮೊದಲ ವರ್ಷವೇ ಎನ್‌ಸಿಸಿಯ ಗುರಿಕಾರರ ತಂಡಕ್ಕೂ ಸೇರಿದನು. ಅವಿನಾಶಿಯು ಕೊಯಮತ್ತೂರಿನಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿದೆ; 2009ರಲ್ಲಿ ತಿರುಪ್ಪೂರು ಜಿಲ್ಲೆಯು ರಚನೆಯಾದಂದಿನಿಂದ ಆ ಜಿಲ್ಲೆಗೆ ಸೇರಿದೆ. ಆ ಸೀಮೆಯ ದೇವಾಂಗ ನೇಕಾರರಲ್ಲಿ ಮನೆಯೊಳಗೆ ಇಂದಿಗೂ ಕನ್ನಡವನ್ನಾಡುವ ಕುಟುಂಬಗಳಿವೆ. ಹುಡುಗನು ಅಂತಹ ಮನೆಯವನು. ವಿಭಾಗದಲ್ಲಿ ಪಾಠ ಹೇಳುವುದರ ಜೊತೆಗೆ ಕಾಲೇಜಿನ ಎನ್‌ಸಿಸಿ ಘಟಕದ ಹೊಣೆಯನ್ನೂ ಹೊತ್ತಿರುವ ನನಗೆ ಅವನು ಎರಡು ಕಡೆಯಲ್ಲಿಯೂ ಶಿಷ್ಯನಾದನು.

ಆ ವರ್ಷದ ಅಂತರಕಾಲೇಜು ಸ್ಪರ್ಧೆಯೊಂದರಲ್ಲಿ, ನಿಗದಿತ ಅವಧಿಯೊಳಗೆ ಐದು ಗುಂಡುಗಳನ್ನು ಹಾರಿಸಬೇಕಾದ ಸುತ್ತು ನಡೆದಿತ್ತು. ಹುಡುಗನ ಮೊದಲ ಎರಡು ಗುಂಡುಗಳು ಒಂದರ ಅಂಚನ್ನು ಇನ್ನೊಂದು ಮುಟ್ಟುವಂತೆ ಬಿದ್ದಿದ್ದವು. ಮೂರನೆಯದಕ್ಕೆ ಬೋಲ್ಟನ್ನು ಮುಂದಕ್ಕೆ ತಳ್ಳಿದಾಗ ಅದು ಅರ್ಧದಲ್ಲಿಯೇ ನಿಂತಿತು. ತೋಟೆಯ ಸೀಸದ ಮೂತಿಯು ನಳಿಗೆಯ ಬಾಯನ್ನು ಹೊಗದೆ ಅದರ ಕೆಳಗಿನ ಉಕ್ಕಿಗೆ ಗುದ್ದಿ ಬಾಗಿತ್ತು. ಅವನು ಒಮ್ಮೆ ಹಿಂದೆಳೆದು ಮತ್ತೆ ತಳ್ಳಿದನು, ಮತ್ತೆ ಅಲ್ಲಿಯೇ. ಅಷ್ಟರಲ್ಲಿ ಶಿಳ್ಳೆ ಊದಿತು. ಪರಿಶೀಲಿಸಿದ ಅಧಿಕಾರಿಗಳು ಮ್ಯಾಗಜೀನು ಪೂರ್ತಿಯಾಗಿ ಕುಳಿತಿರಲಿಲ್ಲವೆಂದೂ, ಅದನ್ನು ನೋಡಿಕೊಳ್ಳುವುದು ಗುರಿಕಾರನ ಕರ್ತವ್ಯವೆಂದೂ ಹೇಳಿ ಮರುಅವಕಾಶವನ್ನು ನಿರಾಕರಿಸಿದರು. ನಿಯಮದ ಪ್ರಕಾರ ಅದು ಸರಿಯಾದ ತೀರ್ಪು. ಮೂರು ಗುಂಡುಗಳ ಅಂಕ ಹೋಯಿತು. ಮುಂದಿನ ಹಂತದ ಆಯ್ಕೆಯೂ ಹೋಯಿತು. ಆ ಬೆಳಿಗ್ಗೆ ಪೆಟ್ಟಿಗೆಯಿಂದ ಕೈಗೆ ಸಿಕ್ಕ ಮ್ಯಾಗಜೀನನ್ನು ತೆಗೆದು, ತೋಟೆ ತುಂಬಿ, ಅವನ ಕೈಗೆ ಕೊಟ್ಟವನು ನಾನು. ಎಲ್ಲವೂ ಒಂದೇ ಬಗೆಯವು, ಯಾವುದಾದರೇನು ಎಂಬುದು ಅಂದಿನ ನನ್ನ ತಿಳಿವಳಿಕೆಯಾಗಿತ್ತು. ಆ ತಿಳಿವಳಿಕೆಯು ತಪ್ಪೆಂದು ಮನಗಂಡ ಮೇಲೆ ಕಲಿತುಕೊಂಡ ಸಂಗತಿಗಳನ್ನು ಇಲ್ಲಿ ಬರೆದಿದ್ದೇನೆ. ತಂಡದ ವಿದ್ಯಾರ್ಥಿಗಳಿಗೆ ಇದು ನೇರವಾಗಿ ಉಪಯೋಗಕ್ಕೆ ಬರಬಹುದು. ಉಳಿದ ಓದುಗರಿಗೆ ಒಂದು ಸಣ್ಣ ಯಂತ್ರದ ಪರಿಚಯವಾದೀತು.

ಪದದಿಂದಲೇ ಆರಂಭಿಸುವುದು ನಮ್ಮ ವಿಭಾಗದ ಹಳೆಯ ಚಾಳಿ. ಅರಬ್ಬಿಯಲ್ಲಿ ‘ಮಖ್ಜನ್’ ಎಂದರೆ ಉಗ್ರಾಣ; ಅದರ ಬಹುವಚನ ‘ಮಖಾಜಿನ್’. ಆ ಮಾತು ಇಟಲಿ, ಫ್ರಾನ್ಸುಗಳ ಮೂಲಕ ಇಂಗ್ಲಿಷಿಗೆ ಬಂದು ‘ಮ್ಯಾಗಜೀನ್’ ಆಯಿತು. ಮದ್ದುಗುಂಡುಗಳ ಕೊಠಡಿಗೂ ಆ ಹೆಸರೇ, 1731ರಲ್ಲಿ ಲಂಡನ್ನಿನಲ್ಲಿ ಆರಂಭವಾದ ‘ದಿ ಜಂಟಲ್‌ಮನ್ಸ್ ಮ್ಯಾಗಜೀನ್’ ಎಂಬ ಬರಹಗಳ ಉಗ್ರಾಣಕ್ಕೂ ಆ ಹೆಸರೇ. ನಾವು ದಿನನಿತ್ಯ ಬಳಸುವ ‘ಖಜಾನೆ’ಯೂ ಅದೇ ಅರಬ್ಬಿ ಧಾತುವಿನಿಂದ ಹುಟ್ಟಿದ್ದು. 2017ರಲ್ಲಿ ರೈಲುಹಳಿಗೆ ದಾರಿ ಮಾಡಿಕೊಡಲು ಬುಡಸಮೇತ ಸರಿಸಿದ ಶ್ರೀರಂಗಪಟ್ಟಣದ ಟಿಪ್ಪುವಿನ ಮದ್ದಿನಮನೆಯು ದೊಡ್ಡ ಮ್ಯಾಗಜೀನಾದರೆ, ರೈಫಲಿನ ಹೊಟ್ಟೆಯಡಿ ಸಿಕ್ಕಿಸುವ ಬೆರಳುದ್ದದ ತಗಡಿನ ಪೆಟ್ಟಿಗೆಯು ಅದರ ಅತಿ ಚಿಕ್ಕ ರೂಪ. ಕಳಚಿ ಜೋಡಿಸಬಹುದಾದ ಇಂತಹ ಪೆಟ್ಟಿಗೆಗೆ ಜೇಮ್ಸ್ ಪ್ಯಾರಿಸ್ ಲೀ ಎಂಬಾತನು 1879ರಲ್ಲಿ ಪೇಟೆಂಟ್ ಪಡೆದನು. ನಮ್ಮ ದೇಶದ ಪೊಲೀಸರ ಹೆಗಲ ಮೇಲೆ ದಶಕಗಳ ಕಾಲ ಕಾಣಿಸುತ್ತಿದ್ದ ಲೀ-ಎನ್‌ಫೀಲ್ಡ್ ರೈಫಲಿನ ಹೆಸರಿನ ಮೊದಲರ್ಧವು ಆತನದೇ.

ಈ ಪೆಟ್ಟಿಗೆಯಲ್ಲಿ ಮುಖ್ಯವಾಗಿ ಇರುವವು ನಾಲ್ಕು ಅಂಗಗಳು: ಹೊರಗಿನ ಕವಚ, ಅದರ ತಳದಿಂದ ಮೇಲಕ್ಕೆ ಒತ್ತುವ ಸ್ಪ್ರಿಂಗ್, ಸ್ಪ್ರಿಂಗಿನ ತಲೆಯ ಮೇಲೆ ಕುಳಿತು ತೋಟೆಗಳನ್ನು ಹೊತ್ತು ಏರುವ ಪುಟ್ಟ ತಟ್ಟೆ, ಮತ್ತು ಕವಚದ ಬಾಯಲ್ಲಿ ಎರಡು ಕಡೆಯಿಂದ ಒಳಕ್ಕೆ ಬಾಗಿದ ಅಂಚುಗಳು. ತಟ್ಟೆಗೆ ‘ಫಾಲೋವರ್’ ಎಂದೂ ಅಂಚುಗಳಿಗೆ ತುಟಿಗಳೆಂದೂ ಹೆಸರು. ಸ್ಪ್ರಿಂಗ್ ತೋಟೆಯನ್ನು ಹೊರಕ್ಕೆ ನೂಕುತ್ತದೆ, ತುಟಿಗಳು ಅದನ್ನು ಹಿಡಿದು ನಿಲ್ಲಿಸುತ್ತವೆ. ಬೋಲ್ಟು ಮುಂದಕ್ಕೆ ಚಲಿಸುವಾಗ ಅದರ ಕೆಳಅಂಚು ಮೇಲಿನ ತೋಟೆಯ ಹಿಂಬದಿಯನ್ನು ತಳ್ಳುತ್ತದೆ. ತೋಟೆಯು ತುಟಿಗಳ ಕೆಳಗೆ ಜಾರುತ್ತ ಮೂತಿಯನ್ನು ತುಸು ಮೇಲಕ್ಕೆತ್ತಿ ನಳಿಗೆಯನ್ನು ಹೊಗುತ್ತದೆ. ಸರಿಯಾದ ಹೊತ್ತಿಗೆ, ಸರಿಯಾದ ಎತ್ತರದಲ್ಲಿ, ಸರಿಯಾದ ಕೋನದಲ್ಲಿ ತೋಟೆಯನ್ನು ಒಪ್ಪಿಸುವುದಷ್ಟೇ ಮ್ಯಾಗಜೀನಿನ ಕೆಲಸ. ಈ ಮೂರರಲ್ಲಿ ಒಂದು ಕೂದಲೆಳೆಯಷ್ಟು ತಪ್ಪಿದರೂ ನಮ್ಮ ಹುಡುಗನಿಗೆ ಆದದ್ದು ಆಗುತ್ತದೆ. ರೈಫಲಿನ ನಳಿಗೆಯನ್ನೂ ಟ್ರಿಗರನ್ನೂ ಎಷ್ಟೋ ಸೂಕ್ಷ್ಮವಾಗಿ ತಯಾರಿಸುವ ಕಾರ್ಖಾನೆಗಳು ಈ ಪೆಟ್ಟಿಗೆಯನ್ನು ಮಾತ್ರ ತೆಳುತಗಡನ್ನು ಮಡಿಸಿ ಮಾಡುವುದು ವಾಡಿಕೆ. ಕೈತಪ್ಪಿ ಬಿದ್ದಾಗ ಮೊದಲು ಪೆಟ್ಟು ತಿನ್ನುವುದೂ ಅದೇ. ಆದುದರಿಂದ ಮ್ಯಾಗಜೀನಿರುವ ರೈಫಲು ತಡವರಿಸಿದಾಗ ಮೊದಲು ಸಂಶಯಪಡಬೇಕಾದದ್ದು ಅದನ್ನೇ.

ನಮ್ಮ ವಿದ್ಯಾರ್ಥಿಗಳು ಬಳಸುವ .22 ತೋಟೆಗೆ ತನ್ನದೇ ಆದ ತೊಡಕುಗಳಿವೆ. 1887ರ ಸುಮಾರಿಗೆ ರೂಪುಗೊಂಡ ಈ ‘ಲಾಂಗ್ ರೈಫಲ್’ ತೋಟೆಯು ಇಡಿಯಾಗಿ ಒಂದು ಅಂಗುಲದಷ್ಟು ಉದ್ದವಿರುತ್ತದೆ; ಅದರ ಗುಂಡಿನ ತೂಕ ಸಾಮಾನ್ಯವಾಗಿ 40 ಗ್ರೇನ್, ಅಂದರೆ ಸುಮಾರು 2.6 ಗ್ರಾಂ. ಗುಂಡು ಮೆದುವಾದ ಸೀಸದ್ದು. ಅದರ ಮೇಲೆ ಮೇಣದಂತಹ ಲೇಪವಿರುತ್ತದೆ. ತೋಟೆಯ ಬುಡದಲ್ಲಿ ಸುತ್ತಲೂ ಹೊರಚಾಚಿದ ಅಂಚೊಂದಿದೆ. ಸಿಡಿಯುವ ಮದ್ದು ಆ ಅಂಚಿನೊಳಗೇ ಇರುವುದರಿಂದ ಅದಿಲ್ಲದೆ ಈ ತೋಟೆಯಿಲ್ಲ. ತೊಂದರೆಯೂ ಅಲ್ಲಿಯೇ. ತೋಟೆಗಳು ಒಂದರ ಮೇಲೊಂದು ಕುಳಿತಾಗ ಮೇಲಿನದರ ಅಂಚು ಕೆಳಗಿನದರ ಅಂಚಿಗಿಂತ ಮುಂದಿರಬೇಕು. ಹಿಂದಾದರೆ, ಬೋಲ್ಟು ಮೇಲಿನದನ್ನು ತಳ್ಳುವಾಗ ಅದು ಕೆಳಗಿನದನ್ನೂ ಕೊಕ್ಕೆ ಹಾಕಿದಂತೆ ಎಳೆದುಕೊಂಡು ಹೋಗಲು ನೋಡಿ ಎರಡೂ ಸಿಕ್ಕಿಬೀಳುತ್ತವೆ. ಇದು ಮ್ಯಾಗಜೀನಿನ ದೋಷವಲ್ಲ, ತುಂಬಿದವನ ದೋಷ. ಒಂದೊಂದು ತೋಟೆಯನ್ನೂ ಹಿಂದಿನದರ ಅಂಚಿನ ಮುಂದೆ ಇಟ್ಟು ಒತ್ತಿ, ಬಳಿಕ ಹಿಂಗೋಡೆಯತ್ತ ಜಾರಿಸುವ ಅಭ್ಯಾಸವು ಕೈಗೆ ಬರಲು ಎರಡು ದಿನ ಸಾಕು. ತುಂಬಿದ ಮೇಲೆ ಬದಿಯಿಂದ ನೋಡಿದರೆ ಮೂತಿಗಳೆಲ್ಲ ಒಂದೇ ಓರೆಯಲ್ಲಿ ತುಸು ಮೇಲ್ಮುಖವಾಗಿರಬೇಕು.

ಆದರೆ ಮ್ಯಾಗಜೀನನ್ನು ಆರಿಸುವುದಕ್ಕೂ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಈ ಸ್ಪರ್ಧೆಗೆ ಅದು ಬೇಕೇ? 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಸ್ವಪ್ನಿಲ್ ಕುಸಾಳೆಯವರು 50 ಮೀಟರ್ ರೈಫಲ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಕಂಚು ಗೆದ್ದಾಗ ಅವರ ರೈಫಲಿನಲ್ಲಿ ಮ್ಯಾಗಜೀನು ಇರಲಿಲ್ಲ. ಅಂತರರಾಷ್ಟ್ರೀಯ ನಿಯಮಗಳ ಪ್ರಕಾರ 50 ಮೀಟರ್ ಸ್ಪರ್ಧೆಯಲ್ಲಿ ಒಂದೊಂದು ಗುಂಡಿಗೂ ತೋಟೆಯನ್ನು ಕೈಯಿಂದಲೇ ಇಡಬೇಕು. ಕೊಡಗಿನಲ್ಲಿ ಸೆಪ್ಟೆಂಬರ್ 3ರಂದು ಬರುವ ಕೈಲ್ ಪೊಳ್ದ್ ಹಬ್ಬದ ಆಸುಪಾಸಿನಲ್ಲಿ ಊರೂರಿನಲ್ಲಿಯೂ ನಡೆಯುವ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳಲ್ಲಿಯೂ .22 ರೈಫಲಿನ ವಿಭಾಗವಿರುತ್ತದೆ; ಅಲ್ಲಿ ಸಾವಧಾನವಾಗಿ ಗುರಿಯಿಟ್ಟು ಹೊಡೆಯುವವನಿಗೆ ಮ್ಯಾಗಜೀನಿನಿಂದ ಹೆಚ್ಚಿನ ಲಾಭವಿಲ್ಲ. (ಆ ಹಬ್ಬದಂದು ಕೋವಿಯ ಬಾಯಿಗೆ ಮುಡಿಸುವ ‘ತೋಕ್ ಪೂ’ ತಮಿಳುನಾಡಿನ ರಾಜ್ಯಪುಷ್ಪವೂ ಹೌದು. ಅಗ್ನಿಶಿಖೆ ಎಂದು ನಾವು ಕರೆಯುವ ಈ ಹೂವಿನ ಬಳ್ಳಿಯನ್ನು ಬೀಜಕ್ಕಾಗಿ ತಿರುಪ್ಪೂರು ಜಿಲ್ಲೆಯ ಧಾರಾಪುರದ ಕಡೆ ಹೊಲಗಳಲ್ಲಿ ಬೆಳೆಯುತ್ತಾರೆ.) ಸಮಯದ ಒತ್ತಡವಿಲ್ಲದ ಯಾವ ಸುತ್ತಿನಲ್ಲಿಯೂ, ನಿಯಮ ಒಪ್ಪಿದರೆ, ಮ್ಯಾಗಜೀನಿನ ಜಾಗದಲ್ಲಿ ಒಂದೇ ತೋಟೆಯನ್ನಿಡುವ ತಟ್ಟೆಯನ್ನು ಸಿಕ್ಕಿಸಿಕೊಳ್ಳುವುದು ಕ್ಷೇಮ. ಹಲವು .22 ರೈಫಲುಗಳಿಗೆ ಅಂತಹ ತಟ್ಟೆ ದೊರೆಯುತ್ತದೆ. ಇಲ್ಲದ ಯಂತ್ರವು ಕೆಡುವುದಿಲ್ಲ.

ಸಮಯವು ಎದುರಾಳಿಯಾದಾಗ ಕಥೆ ಬೇರೆ. ಹಿಮದ ಮೇಲೆ ಜಾರುತ್ತ ನಡುನಡುವೆ ಗುರಿಯಿಡುವ ಬಯಾಥ್ಲಾನ್ ಸ್ಪರ್ಧೆಯನ್ನು ನೋಡಿ. ಅಲ್ಲಿಯೂ .22 ರೈಫಲೇ, 50 ಮೀಟರ್ ದೂರದಲ್ಲಿ ಐದು ಗುರಿಗಳು, ಮ್ಯಾಗಜೀನಿನಲ್ಲಿ ಐದು ತೋಟೆಗಳು. ಮಲಗಿ ಹೊಡೆಯುವಾಗ ಗುರಿಯ ವ್ಯಾಸ ಕೇವಲ 45 ಮಿ.ಮೀ. ಸ್ಪ್ರಿಂಟ್‌ನಂತಹ ಬಗೆಗಳಲ್ಲಿ ತಪ್ಪಿದ ಪ್ರತಿಯೊಂದು ಗುರಿಗೂ 150 ಮೀಟರಿನ ದಂಡದ ಸುತ್ತನ್ನು ಸುತ್ತಬೇಕು. ಹಣೆಯ ಬೆವರು ಹೆಪ್ಪುಗಟ್ಟುವ ಚಳಿಯಲ್ಲಿ ಸಿಕ್ಕಿಕೊಂಡ ತೋಟೆಯನ್ನು ಕೀಳುತ್ತ ನಿಲ್ಲುವ ಕ್ರೀಡಾಪಟುವಿನ ಪಾಡನ್ನು ಊಹಿಸಬಹುದು. ಪಿಸ್ತೂಲಿನವರಲ್ಲಿ, 2012ರ ಲಂಡನ್ ಒಲಿಂಪಿಕ್ಸಿನಲ್ಲಿ ವಿಜಯ್ ಕುಮಾರ್ ಅವರು ಬೆಳ್ಳಿ ಗೆದ್ದ 25 ಮೀಟರ್ ರ‍್ಯಾಪಿಡ್ ಫೈರ್ ಸ್ಪರ್ಧೆ ಇನ್ನೂ ಕಠಿಣವಾದದ್ದು: ಐದು ಗುರಿಗಳಿಗೆ ಐದು ಗುಂಡು, ಮೊದಲು 8 ಸೆಕೆಂಡುಗಳಲ್ಲಿ, ಆಮೇಲೆ 6ರಲ್ಲಿ, ಕೊನೆಗೆ 4ರಲ್ಲಿ. ಅಲ್ಲಿನ ನಿಯಮಾವಳಿಯು ಆಯುಧದ ತಡವರಿಕೆಯನ್ನು ಎರಡಾಗಿ ವಿಂಗಡಿಸುತ್ತದೆ. ತೋಟೆ ಅಥವಾ ಮ್ಯಾಗಜೀನು ಸಿಕ್ಕಿಕೊಂಡರೆ, ಸೂಜಿ ಮುರಿದರೆ, ಖಾಲಿ ಕೋಶವು ಹೊರಬೀಳದಿದ್ದರೆ ಅದು ಮನ್ನಿಸಬಹುದಾದ ತಡವರಿಕೆ. ತೋಟೆಯನ್ನೇ ತುಂಬದಿದ್ದರೆ, ಸುರಕ್ಷತಾ ಕೀಲಿಯನ್ನು ಬಿಡಿಸದಿದ್ದರೆ, ಮ್ಯಾಗಜೀನನ್ನು ಸರಿಯಾಗಿ ಕೂರಿಸದಿದ್ದರೆ ಅಥವಾ ಹೊಡೆಯುತ್ತಿರುವಾಗ ಅದು ಕಳಚಿ ಬಿದ್ದರೆ ಅದು ಮನ್ನಿಸಲಾಗದ್ದು. ಯಂತ್ರಕ್ಕೆ ಹಾನಿಯಾಗಿ ಹಾಗಾಗಿದ್ದರೆ ಮಾತ್ರ ವಿನಾಯಿತಿ. ನಮ್ಮ ಸ್ಪರ್ಧೆಯ ಅಧಿಕಾರಿಗಳು ಅನುಸರಿಸಿದ್ದೂ ಇದೇ ವಿವೇಕವನ್ನು. ಆ ವಿನಾಯಿತಿಯನ್ನು ನಮ್ಮ ಪರವಾಗಿ ಹೇಳಿಕೊಳ್ಳಬೇಕಾದರೆ ಮ್ಯಾಗಜೀನಿನ ಹಾನಿಯು ನನಗೆ ಗೊತ್ತಿರಬೇಕಿತ್ತು. ಗೊತ್ತಿದ್ದರೆ ಅದನ್ನು ಸ್ಪರ್ಧೆಗೆ ತರುತ್ತಲೇ ಇರಲಿಲ್ಲ.

ಮುಂದಿನ ಬೇಸಗೆಯಲ್ಲಿ ಕೊಯಮತ್ತೂರಿನಲ್ಲಿ ಬೇರೊಂದು ಕೆಲಸವಿದ್ದು, ಹುಡುಗನ ಒತ್ತಾಯಕ್ಕೆ ಅವಿನಾಶಿಗೆ ಹೋದೆನು. ಹರಿಹರನ ರಗಳೆಯಿಂದಾಗಿ ನಂಬಿಯಣ್ಣನೆಂದು ನಮಗೆಲ್ಲ ಪರಿಚಿತನಾದ ಸುಂದರಮೂರ್ತಿ ನಾಯನಾರನು, ಮೊಸಳೆ ನುಂಗಿದ್ದ ಬಾಲಕನನ್ನು ಹಾಡಿ ಮರಳಿ ಪಡೆದನೆಂದು ಐತಿಹ್ಯವಿರುವ ಊರು ಅದು. ಅವಿನಾಶಿಲಿಂಗೇಶ್ವರನ ಗುಡಿಯನ್ನು ನೋಡಿಕೊಂಡು ಮನೆಗೆ ಬಂದಾಗ ಹುಡುಗನ ತಂದೆ ಮಗ್ಗದ ಕೊಟ್ಟಿಗೆಯಲ್ಲಿದ್ದರು. ಎಂಟು ವಿದ್ಯುತ್ ಮಗ್ಗಗಳು, ಕಿವಿಗಡಚಿಕ್ಕುವ ಸದ್ದು, ಗಾಳಿಯಲ್ಲೆಲ್ಲ ಹತ್ತಿಯ ನವಿರು ಧೂಳು. ಊಟದ ಹೊತ್ತಿನಲ್ಲಿ ಸ್ಪರ್ಧೆಯ ಮಾತು ಬಂದಿತು. ನಾನು ನಡೆದುದನ್ನು ಹೇಳಿ ಮುಗಿಸಿದಾಗ ಅವರು ಮಗನ ಸೋಲಿನ ಬಗ್ಗೆ ಏನನ್ನೂ ಕೇಳಲಿಲ್ಲ.

“ವಾದ್ಯಾರೇ, ಆ ಡಬ್ಬಿಗೆ ಗುರುತು ಹಾಕಿದ್ರಾ?” ಎಂದರು.

ಇಲ್ಲವೆಂದೆ. ಹಾಗಾದರೆ ಅದು ಈಗ ಯಾವುದೆಂದು ನಿಮಗೆ ತಿಳಿಯದು ಎಂದರು. ಅದು ನಿಜವಾಗಿತ್ತು. ಸ್ಪರ್ಧೆಯ ಮರುದಿನವೇ ಆ ಮ್ಯಾಗಜೀನು ಉಳಿದ ಐದರ ಜೊತೆ ಪೆಟ್ಟಿಗೆಗೆ ಸೇರಿತ್ತು. ಆರರಲ್ಲಿ ಯಾವುದು ಕೈಕೊಟ್ಟಿತೆಂದು ಹೇಳಲು ಯಾವ ದಾರಿಯೂ ಇರಲಿಲ್ಲ.

ಊಟವಾದ ಮೇಲೆ ಅವರು ತಮ್ಮ ಲಾಳಿಗಳನ್ನು ತೋರಿಸಿದರು. ಪ್ರತಿಯೊಂದರ ಹೊಟ್ಟೆಯ ಮೇಲೂ ಬಣ್ಣದ ಚುಕ್ಕೆಗಳು: ಒಂದು ಚುಕ್ಕೆ, ಎರಡು ಚುಕ್ಕೆ, ಕೆಂಪು, ಹಸಿರು. ಒಂದು ಮಗ್ಗದಲ್ಲಿ ಹೊಕ್ಕಿನ ನೂಲು ಮತ್ತೆ ಮತ್ತೆ ಹರಿದರೆ ಅವರು ಆ ಮಗ್ಗವನ್ನು ಬಿಚ್ಚಲು ಹೋಗುವುದಿಲ್ಲ. ಅದರ ಲಾಳಿಯನ್ನು ತೆಗೆದು, ಸರಿಯಾಗಿ ನೇಯುತ್ತಿರುವ ಪಕ್ಕದ ಮಗ್ಗಕ್ಕೆ ಹಾಕುತ್ತಾರೆ. ಪಕ್ಕದ್ದರ ಲಾಳಿಯನ್ನು ಇಲ್ಲಿಗೆ ತರುತ್ತಾರೆ. ನೂಲು ಹರಿಯುವುದು ಲಾಳಿಯ ಹಿಂದೆಯೇ ಪಕ್ಕದ ಮಗ್ಗಕ್ಕೆ ಹೋದರೆ ದೋಷವು ಲಾಳಿಯದು. ಇದ್ದಲ್ಲಿಯೇ ಉಳಿದರೆ ಮಗ್ಗದ್ದು. “ಚುಕ್ಕೆ ಇಲ್ಲಾಂದ್ರೆ ಇದು ಯಾವುದೂ ಆಗೋಲ್ಲ” ಎಂದರು. ಕಾಲೇಜಿನಲ್ಲಿ ಸಂಶೋಧನಾ ವಿಧಾನವೆಂಬ ಪತ್ರಿಕೆಯನ್ನು ಹಲವು ವರ್ಷ ಬೋಧಿಸಿದ ನನಗೆ ಆ ಕೊಟ್ಟಿಗೆಯಲ್ಲಿ ತುಸು ನಾಚಿಕೆಯಾಯಿತು.

ಮರಳಿ ಬಂದ ಮೇಲೆ, ಬೆಟಾಲಿಯನ್ನಿನ ಅನುಮತಿ ಪಡೆದು, ಆರೂ ಮ್ಯಾಗಜೀನುಗಳ ತಳಕ್ಕೆ ಬಿಳಿಯ ಬಣ್ಣದಲ್ಲಿ ಒಂದರಿಂದ ಆರರವರೆಗೆ ಅಂಕಿಗಳನ್ನು ಬರೆದೆವು. ಒಂದು ಉದ್ದನೆಯ ಲೆಕ್ಕದ ಪುಸ್ತಕವನ್ನು ತೆರೆದೆವು. ಮೈದಾನದಲ್ಲಿ, ಬೋಧಕರ ಸಮ್ಮುಖದಲ್ಲಿ, ಎರಡು ರೈಫಲುಗಳಿಗೆ ಆರೂ ಮ್ಯಾಗಜೀನುಗಳನ್ನು ಸರದಿಯಾಗಿ ಹಾಕಿ ನೋಡಿದೆವು. ತೋಟೆಗಳು ಎಣಿಕೆಯವಾದುದರಿಂದ ಮೊದಲ ಸುತ್ತನ್ನು ಮದ್ದಿಲ್ಲದ ಡ್ರಿಲ್ ತೋಟೆಗಳಲ್ಲಿಯೇ ನಡೆಸಿದೆವು. ನಾಲ್ಕನೆಯದು ಎರಡೂ ರೈಫಲುಗಳಲ್ಲಿ ಮೂತಿ ಗುದ್ದಿತು. ಉಳಿದ ಐದು ಎರಡರಲ್ಲಿಯೂ ಸರಾಗವಾಗಿ ನಡೆದವು. ಬೆಳಕಿಗೆ ಹಿಡಿದು ನೋಡಿದಾಗ, ರೈಫಲಿನ ಚಿಲಕವು ಹಿಡಿಯಬೇಕಾದ ಅದರ ಕಚ್ಚು ಸವೆದು ದುಂಡಗಾಗಿತ್ತು. ‘ಟಕ್’ ಎಂದು ಸದ್ದು ಮಾಡಿ ಕುಳಿತಂತೆ ತೋರಿದರೂ ಅದು ಇರಬೇಕಾದುದಕ್ಕಿಂತ ಅರ್ಧ ಮಿಲಿಮೀಟರಿನಷ್ಟು ಕೆಳಗೆ ನಿಲ್ಲುತ್ತಿತ್ತು. ಹುಡುಗನ ತೋಟೆಯ ಮೂತಿಯು ನಳಿಗೆಯ ಬಾಯಿಯ ಕೆಳಗೆ ಗುದ್ದಲು ಅಷ್ಟೇ ಸಾಕಾಗಿತ್ತು.

ಮ್ಯಾಗಜೀನನ್ನು ಆರಿಸುವಾಗ ಕಣ್ಣಿನಿಂದ ನೋಡಬೇಕಾದವುಗಳಲ್ಲಿ ಹೀಗಾಗಿ ನಾನು ಕಚ್ಚನ್ನೇ ಮೊದಲಿಗೆ ಇಡುತ್ತೇನೆ. ಅದರ ಅಂಚು ಚೂಪಾಗಿ, ಚೌಕವಾಗಿ ಇರಬೇಕು. ಖಾಲಿ ಮ್ಯಾಗಜೀನನ್ನು ಸಿಕ್ಕಿಸಿ ಕೆಳಕ್ಕೂ ಪಕ್ಕಕ್ಕೂ ಮೆಲ್ಲನೆ ಅಲ್ಲಾಡಿಸಿ ನೋಡಬೇಕು; ಸ್ವಲ್ಪ ಸಡಿಲು ಸಹಜ, ಮೇಲೆ ಕೆಳಗೆ ಕುಣಿಯುವುದು ಸಹಜವಲ್ಲ. ಆಮೇಲೆ ತುಟಿಗಳು. ಅವೆರಡೂ ಒಂದಕ್ಕೊಂದು ಸಮಾನಾಂತರವಾಗಿರಬೇಕು; ಬೆರಳನ್ನು ಸವರಿದಾಗ ಚೂರೂ ತರಚಬಾರದು, ಏಕೆಂದರೆ ಬೆರಳಿಗೆ ತರಚುವ ಉಕ್ಕು ಮೆದು ಸೀಸವನ್ನು ಕೆತ್ತದೆ ಬಿಡದು. ತುಟಿಗಳು ಅಗಲವಾಗಿದ್ದರೆ ಎರಡು ತೋಟೆಗಳು ಒಟ್ಟಿಗೆ ನುಗ್ಗುತ್ತವೆ. ತಟ್ಟೆಯನ್ನು ಬೆರಳಿನಿಂದ ತಳದವರೆಗೆ ಒತ್ತಿ ನಿಧಾನವಾಗಿ ಬಿಟ್ಟಾಗ ಅದು ಎಲ್ಲಿಯೂ ನಿಲ್ಲದೆ, ವಾಲದೆ ಮೇಲೇರಬೇಕು. ಮೊದಲ ನಾಲ್ಕು ಸರಿಯಾಗಿ ಬಂದು ಐದನೆಯ ತೋಟೆ ಮಾತ್ರ ತಲೆಯೆತ್ತದಿದ್ದರೆ ಸ್ಪ್ರಿಂಗ್ ಸೋತಿದೆಯೆಂದು ತಿಳಿಯಬೇಕು, ಏಕೆಂದರೆ ಕೊನೆಯ ತೋಟೆಯ ಹೊತ್ತಿಗೆ ಸ್ಪ್ರಿಂಗಿನಲ್ಲಿ ಉಳಿದಿರುವ ಒತ್ತಡ ಅತಿ ಕಡಮೆ. ಹೊಡೆದಾದ ಖಾಲಿ ಕೋಶವು ಹೊರಬರದಿರುವುದಕ್ಕೆ ಸಾಮಾನ್ಯವಾಗಿ ಮ್ಯಾಗಜೀನನ್ನು ದೂರಬೇಕಾಗಿಲ್ಲ. ಅದು ಬೋಲ್ಟಿನ ಕೊಕ್ಕೆಗೆ ಸೇರಿದ ಸಂಗತಿ. ಸಂಶಯ ಉಳಿದರೆ ನೇಕಾರರ ಅದಲುಬದಲಿನ ಪರೀಕ್ಷೆ ಇದ್ದೇ ಇದೆ.

ಕೊಳ್ಳುವ ಸಂದರ್ಭ ಬಂದರೆ ಆ ರೈಫಲನ್ನು ತಯಾರಿಸಿದವರೇ ಅದೇ ಮಾದರಿಗೆಂದು ಮಾಡಿದ ಮ್ಯಾಗಜೀನನ್ನೇ ಕೊಳ್ಳುವುದು ಮೇಲು. ಹೊರಗಿನವರು ಮಾಡಿದವುಗಳಲ್ಲಿಯೂ ಒಳ್ಳೆಯವು ಇವೆ, ಆದರೆ ಅವನ್ನು ಪರೀಕ್ಷಿಸಿ ತಿಳಿಯಲು ವ್ಯಯವಾಗುವ ತೋಟೆಗಳ ಬೆಲೆಯು ಉಳಿಸಿದ ಹಣವನ್ನು ಬೇಗನೆ ನುಂಗುತ್ತದೆ. ಐದರದ್ದೋ ಹತ್ತರದ್ದೋ ಎಂಬ ಆಯ್ಕೆಯಿದ್ದಾಗ, ಸ್ಪರ್ಧೆ ಐದರದ್ದಾದರೆ, ಐದರದ್ದನ್ನೇ ಆರಿಸಬೇಕು. ಉದ್ದದ ಸಾಲಿನಲ್ಲಿ ಅಂಚುಗಳು ಅಡ್ಡಾದಿಡ್ಡಿಯಾಗುವ ಸಂಭವ ಹೆಚ್ಚು. ಸ್ಪ್ರಿಂಗಿನ ಒತ್ತಡವೂ ಮೊದಲ ತೋಟೆಯಿಂದ ಕೊನೆಯದಕ್ಕೆ ಬಹಳವಾಗಿ ಬದಲಾಗುತ್ತದೆ.

ಉಕ್ಕೋ ಪ್ಲಾಸ್ಟಿಕ್ಕೋ ಎಂಬ ಚರ್ಚೆಗೆ ಕೊನೆಯಿಲ್ಲ. ಉಕ್ಕು ಬಾಗುತ್ತದೆ, ತುಕ್ಕು ಹಿಡಿಯುತ್ತದೆ, ಆದರೆ ಬಾಗಿದ್ದು ಕಣ್ಣಿಗೆ ಕಾಣುತ್ತದೆ. ಪ್ಲಾಸ್ಟಿಕ್ಕು ಬಾಗದೆ ಮರಳಿ ತನ್ನ ಆಕಾರಕ್ಕೆ ಬರುತ್ತದೆ, ಮಿತಿ ಮೀರಿದಾಗ ಬಿರಿಯುತ್ತದೆ. 1999ರ ಕಾರ್ಗಿಲ್ ಯುದ್ಧದ ಕಾಲದಲ್ಲಿ ನಮ್ಮ ಇನ್ಸಾಸ್ ರೈಫಲಿನ ಪಾರದರ್ಶಕ ಪ್ಲಾಸ್ಟಿಕ್ ಮ್ಯಾಗಜೀನುಗಳು ಹಿಮಚಳಿಗೆ ಬಿರಿಯುತ್ತವೆಂಬ ದೂರುಗಳು ಪತ್ರಿಕೆಗಳಲ್ಲಿ ಬಂದಿದ್ದವು. ಸಮತಟ್ಟಿನ ನಮ್ಮ ಊರುಗಳಲ್ಲಿ ಆ ಭಯವಿಲ್ಲ. ಇಲ್ಲಿನ ಶತ್ರುಗಳು ಧೂಳು ಮತ್ತು ಮೇಣ. ತೋಟೆಯ ಮೇಣವು ಕವಚದ ಒಳಗೋಡೆಗೆ ಹತ್ತಿ, ಅದಕ್ಕೆ ಧೂಳು ಅಂಟಿ, ತಟ್ಟೆಯ ಚಲನೆಯನ್ನು ನಿಧಾನಗೊಳಿಸುತ್ತದೆ. ಎಣ್ಣೆ ಹಾಕಿದರೆ ಧೂಳು ಮತ್ತಷ್ಟು ಹಿಡಿಯುತ್ತದೆ. ಅಭ್ಯಾಸ ಮುಗಿದ ಮೇಲೆ ಬಿಚ್ಚಿ ಒಣಬಟ್ಟೆಯಿಂದ ಒರಸಿ, ತುಕ್ಕಿಗಾಗಿ ಎಣ್ಣೆಯ ಕೈಯನ್ನು ಸ್ಪ್ರಿಂಗಿನ ಮ���ಲೆ ಸವರಿದರೆ ಸಾಕು. ಮಗ್ಗದ ಕೊಟ್ಟಿಗೆಯ ಹತ್ತಿಯ ಧೂಳನ್ನು ಕಂಡು ಬಂದ ಮೇಲೆ ನಮ್ಮ ಮ್ಯಾಗಜೀನುಗಳಿಗೆ ಜಿಪ್ಪಿನ ಚೀಲವೊಂದನ್ನು ಹೊಲಿಸಿದೆವು. ತುಂಬಿಟ್ಟರೆ ಸ್ಪ್ರಿಂಗ್ ಸೋಲುತ್ತದೆಂಬ ಮಾತನ್ನೂ ಬಹಳ ಜನ ಹೇಳುತ್ತಾರೆ. ಒಳ್ಳೆಯ ಉಕ್ಕಿನ ಸ್ಪ್ರಿಂಗನ್ನು ಅದರ ಮಿತಿಯೊಳಗೆ ಒತ್ತಿಟ್ಟ ಮಾತ್ರಕ್ಕೆ ಅದು ಹೆಚ್ಚು ಸೋಲುವುದಿಲ್ಲ. ಸಾವಿರಾರು ಬಾರಿ ಒತ್ತಿ ಬಿಡುವುದು ಅದನ್ನು ಹೆಚ್ಚಾಗಿ ದಣಿಸುತ್ತದೆ. ಏನಿದ್ದರೂ ನಮಗೆ ಆ ಪ್ರಶ್ನೆ ಏಳದು: ಗುಂಡು ಹೊಡೆಯುವ ಸಾಲಿನಿಂದಾಚೆ ತುಂಬಿದ ಮ್ಯಾಗಜೀನು ಯಾರ ಬಳಿಯಲ್ಲಿಯೂ ಇರಬಾರದು.

ಕಾನೂನಿನ ಮಾತೊಂದನ್ನು ಇಲ್ಲಿಯೇ ಹೇಳಿಬಿಡಬೇಕು. 1959ರ ಆಯುಧ ಕಾಯಿದೆಯಲ್ಲಿ ‘ಆಯುಧ’ ಎಂಬುದರ ವ್ಯಾಖ್ಯೆಯು ಆಯುಧದ ಭಾಗಗಳನ್ನೂ ಒಳಗೊಳ್ಳುತ್ತದೆ. ಆದುದರಿಂದ ಮ್ಯಾಗಜೀನನ್ನು ಸೈಕಲ್ಲಿನ ಬಿಡಿಭಾಗದಂತೆ ಎಲ್ಲಿಂದಲೋ ತರಿಸಿಕೊಳ್ಳಬಹುದೆಂದು ವಿದ್ಯಾರ್ಥಿಗಳು ಭಾವಿಸಬಾರದು. ಪರವಾನಗಿ ಪಡೆದ ವ್ಯಾಪಾರಿ, ಮಾನ್ಯತೆ ಪಡೆದ ರೈಫಲ್ ಕ್ಲಬ್ಬು, ನಮ್ಮಂಥವರಿಗೆ ಎನ್‌ಸಿಸಿ ಬೆಟಾಲಿಯನ್ನು: ದಾರಿಗಳು ಇವೇ. ತುಟಿಗಳನ್ನು ಇಕ್ಕಳದಿಂದ ಬಾಗಿಸಿ ‘ಸರಿಪಡಿಸುವ’ ಸಾಹಸವೂ ಬೇಡ. ಒಮ್ಮೆ ಬಾಗಿಸಿದ ತಗಡು ಮತ್ತೆ ಅಲ್ಲಿಯೇ ಬಾಗಲು ಕಾಯುತ್ತಿರುತ್ತದೆ; ಆ ಕೆಲಸ ಆಯುಧಗಳ ದುರಸ್ತಿಗಾರನದು.

ಕಣ್ಣಿಗೆ ಸರಿಯಾಗಿ ಕಂಡ ಮ್ಯಾಗಜೀನು ಸರಿಯಾಗಿ ನಡೆಯುತ್ತದೆಂದು ಹೇಳುವುದು ಯಾವಾಗ? ನಾನು ಮೊದಲು ಐವತ್ತು ತೋಟೆಗಳ ನಿಯಮವೊಂದನ್ನು ಮಾಡಿಕೊಂಡಿದ್ದೆನು: ಹತ್ತು ಬಾರಿ ತುಂಬಿ, ಒಮ್ಮೆಯೂ ತಡವರಿಸದಿದ್ದರೆ ಅದು ಸ್ಪರ್ಧೆಗೆ ಯೋಗ್ಯ. ಗಣಿತ ವಿಭಾಗದ ಮಿತ್ರರೊಬ್ಬರು ಇದನ್ನು ಕೇಳಿ ನಕ್ಕರು. ಒಂದು ಕೆಲಸವು ಸತತವಾಗಿ ಇಷ್ಟು ಬಾರಿ ತಪ್ಪಿಲ್ಲದೆ ನಡೆದರೆ, ಮೂರನ್ನು ಆ ಸಂಖ್ಯೆಯಿಂದ ಭಾಗಿಸಿದಾಗ ಬರುವುದೇ ತಪ್ಪಿನ ಪ್ರಮಾಣದ ಮೇಲ್ಮಿತಿಯೆಂದು 95 ಪ್ರತಿಶತ ಭರವಸೆಯಿಂದ ಹೇಳಬಹುದಂತೆ. ಐವತ್ತರಲ್ಲಿ ಒಂದೂ ತಪ್ಪಿಲ್ಲವೆಂದರೆ ಮೂರು ಭಾಗಿಸು ಐವತ್ತು, ಅಂದರೆ ತಪ್ಪು ಇನ್ನೂ ನೂರಕ್ಕೆ ಆರರಷ್ಟು ಇರಲು ಸಾಧ್ಯ. ನೂರಕ್ಕೆ ಆರು ಎಂಬುದು ಸಣ್ಣದೆಂದು ತೋರುತ್ತದೆ. ಆದರೆ ಐದು ಗುಂಡುಗಳ ಒಂದು ಸುತ್ತಿನಲ್ಲಿ ಒಮ್ಮೆಯಾದರೂ ಸಿಕ್ಕಿಕೊಳ್ಳುವ ಸಂಭವವನ್ನು ಲೆಕ್ಕ ಹಾಕಿದರೆ ಅದು ನೂರಕ್ಕೆ ಇಪ್ಪತ್ತಾರನ್ನು ದಾಟುತ್ತದೆ. ನಾಲ್ಕು ಸುತ್ತುಗಳಿಗೆ ಒಂದು! ಮುನ್ನೂರು ತೋಟೆಗಳು ತಪ್ಪಿಲ್ಲದೆ ನಡೆದ ಮೇಲೆ ಮಾತ್ರ ಆ ಮೇಲ್ಮಿತಿಯು ನೂರಕ್ಕೆ ಒಂದಕ್ಕೆ ಇಳಿಯುತ್ತದೆ.

ಒಂದೇ ದಿನದಲ್ಲಿ ಒಂದು ಮ್ಯಾಗಜೀನಿಗೆ ಮುನ್ನೂರು ತೋಟೆಗಳನ್ನು ಸುಡುವುದು ಕಾಲೇಜಿನ ತಂಡಕ್ಕೆ ಕನಸಿನ ಮಾತು. ಅಂಕಿ ಬರೆಯುವುದರ ನಿಜವಾದ ಪ್ರಯೋಜನ ನನಗೆ ಹೊಳೆದದ್ದು ಆಗಲೇ. ಅಭ್ಯಾಸದಲ್ಲಿ ಹೇಗೂ ಹಾರುವ ತೋಟೆಗಳೆಲ್ಲವೂ ಪರೀಕ್ಷೆಯ ತೋಟೆಗಳೇ. ಅಂಕಿಯಿದ್ದರೆ ಅವು ಆಯಾ ಮ್ಯಾಗಜೀನಿನ ಲೆಕ್ಕಕ್ಕೆ ತಿಂಗಳು ತಿಂಗಳೂ ಜಮೆಯಾಗುತ್ತ ಹೋಗುತ್ತವೆ. ಅಂಕಿಯಿಲ್ಲದಿದ್ದರೆ ಅಷ್ಟೂ ಅನುಭವ ಗಾಳಿಗೆ ಹೋದಂತೆ. ನಮ್ಮಲ್ಲಿ ವರ್ಷಗಟ್ಟಲೆ ಹಾಗೆಯೇ ಹೋಯಿತು. ಇದರಿಂದ ಇನ್ನೊಂದು ಸಂಗತಿಯೂ ಹೊರಡುತ್ತದೆ: ಸ್ಪರ್ಧೆಯ ಮುನ್ನಾದಿನ ತಂದ ಹೊಚ್ಚಹೊಸ ಮ್ಯಾಗಜೀನು, ಎಷ್ಟೇ ಹೊಳೆಯುತ್ತಿರಲಿ, ಲೆಕ್ಕದಲ್ಲಿ ಸೊನ್ನೆಯದು. ಬಣ್ಣ ಹೋದ, ಆದರೆ ಮುನ್ನೂರರ ಲೆಕ್ಕವುಳ್ಳ ಹಳೆಯದೇ ಅದಕ್ಕಿಂತ ಹೆಚ್ಚು ನಂಬಿಕೆಗೆ ಅರ್ಹ. ಲೆಕ್ಕವು ನಡೆಯುವುದು ಒಂದೇ ಬಗೆಯ ತೋಟೆಗೆ ಎಂಬುದನ್ನೂ ಮರೆಯಬಾರದು. ತೋಟೆಯ ತಯಾರಕರು ಬದಲಾದರೆ ಗುಂಡಿನ ಮೂತಿಯ ದುಂಡು, ಮೇಣದ ದಪ್ಪ ಎಲ್ಲವೂ ಬದಲಾಗುತ್ತವೆ. ಪುಸ್ತಕದಲ್ಲಿ ಹೊಸ ಪುಟವನ್ನೇ ತೆರೆಯಬೇಕು.

ಪುಸ್ತಕದ ಕ್ರಮ ಸರಳ. ಮ್ಯಾಗಜೀನಿನ ಸಂಖ್ಯೆ, ರೈಫಲಿನ ಸಂಖ್ಯೆ, ದಿನಾಂಕ, ಹಾರಿದ ತೋಟೆಗಳು. ತಡವರಿಸಿದರೆ ಕೆಂಪು ಶಾಯಿಯ ಅಡ್ಡಗೆರೆ ಎಳೆದು ಎಷ್ಟನೆಯ ತೋಟೆಯಲ್ಲಿ, ಹೇಗೆ ಎಂಬುದನ್ನು ಎರಡು ಮಾತಿನಲ್ಲಿ ಬರೆಯುತ್ತೇವೆ. ಒಂದು ಗೆರೆ ಬಿದ್ದರೆ ಒರಸಿ, ಪರೀಕ್ಷಿಸಿ, ಲೆಕ್ಕವನ್ನು ಸೊನ್ನೆಯಿಂದ ಆರಂಭಿಸುತ್ತೇವೆ. ಎರಡನೆಯ ಗೆರೆ ಬಿದ್ದದ್ದು ಅಭ್ಯಾಸಕ್ಕೆ ಮಾತ್ರ. ಗೆರೆಯನ್ನು ಎಳೆಯಲು ಹುಡುಗರು ಮೊದಮೊದಲು ಹಿಂಜರಿಯುತ್ತಿದ್ದರು. ತಮ್ಮ ಕೈಯ ತಪ್ಪೆಂದು ತಿಳಿದಾರೆಂಬ ಭಯ. ಈಗ ಅದು ಹೋಗಿದೆ. ಅಂಚಿನ ಮೇಲೆ ಅಂಚು ಸಿಕ್ಕಿದ್ದರೆ ‘ತುಂಬಿದ್ದು ನಾನು’ ಎಂದು ಅವರೇ ಬರೆಯುತ್ತಾರೆ, ಮ್ಯಾಗಜೀನಿಗೆ ಗೆರೆ ಬೀಳುವುದಿಲ್ಲ. ಮೂರನೆಯದಕ್ಕೆ ಹೋದ ಮಳೆಗಾಲದಲ್ಲಿ ಒಂದು ಗೆರೆ ಬಿದ್ದಿದೆ. ಆರನೆಯದರ ಸ್ಪ್ರಿಂಗನ್ನು ಬದಲಾಯಿಸಲು ಬರೆದುಕೊಂಡಿದ್ದೇವೆ.

ನಾಲ್ಕನೆಯದನ್ನು ಬೆಟಾಲಿಯನ್ನಿಗೆ ದುರಸ್ತಿಗೆಂದು ಹಿಂದಿರುಗಿಸಿದೆವು. ಈ ವರ್ಷದ ಆಯ್ಕೆ ಸುತ್ತಿನ ಹಿಂದಿನ ಸಂಜೆ ಅವಿನಾಶಿಯ ಹುಡುಗನು ಪುಸ್ತಕವನ್ನು ತೆರೆದು ಬಹಳ ಹೊತ್ತು ನೋಡಿ, ತನಗೆ ಎರಡನೆಯದೂ ಐದನೆಯದೂ ಬೇಕೆಂದು ಕೇಳಿದನು. ಎರಡರ ಮುಂದೆ 305 ಎಂದಿತ್ತು, ಐದರ ಮುಂದೆ 285. ಎರಡಕ್ಕೂ ಗೆರೆಯಿರಲಿಲ್ಲ. ಬೆಳಿಗ್ಗೆ ತೋಟೆಗಳನ್ನು ತುಂಬಿಕೊಡಲು ನಾನು ಕೈ ನೀಡಿದಾಗ, “ನಾನೇ ತುಂಬ್ಕೋತೀನಿ, ಸರ್” ಎಂದನು.